ಕುತಂತ್ರಾಂಶ ಹೊಕ್ಕ ಮೇಲೆ ಬ್ಯಾಂಕು ಖಾತೆಯ ಸಂರಕ್ಷಣೆ

ಟೊಮ್ಯಾಟೊ ಬೆಳೆಯುವ ಕೋಲಾರ ಜಿಲ್ಲೆಯ ರೈತರಿಗೆ ಎಲೆ ಮುಟುರು ರೋಗದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಬಿಳಿ ನೊಣವೆಂಬ ಸಣ್ಣ ಕೀಟ ರೋಗದ ಗಿಡದ ರಸ ಹೀರಿ, ಆರೋಗ್ಯವಾದ ಗಿಡದ ಮೇಲೆ ಕುಳಿತು ನಂಜನ್ನು ದಾಟಿಸುತ್ತದೆ. ನಂಜು ಒಮ್ಮೆ ಒಳಗೆ ಸೇರಿದ ಗಿಡಕ್ಕೆ ಯಾವ ಔಷಧಿ ಸಿಂಪಡಿಸಿದರೂ ವಾಸಿಯಾಗುವುದಿಲ್ಲ. ಆದ್ದರಿಂದಲೇ ರೋಗದ ಗಿಡವನ್ನು ಕಿತ್ತು ನಾಶಪಡಿಸದೆ ಅದರ ಪಕ್ಕದಲ್ಲಿ ಹೊಸ ಸಸಿ ನೆಡಬೇಡಿ ಎಂದು ಹೇಳುತ್ತ ಬಂದಿದ್ದೇವೆ. ಮೊಬೈಲು, ಕಂಪ್ಯೂಟರುಗಳಿಗೆ ರೋಗ ತಗಲಿದಾಗ ಬಹಳ ಜನ ಮಾಡುವುದು ಇದೇ ತಪ್ಪನ್ನು. ರೋಗ ಹಿಡಿದ ಫೋನಿನಲ್ಲಿಯೇ ಗಾಬರಿಯಿಂದ ಬ್ಯಾಂಕಿನ ಪಾಸ್‌ವರ್ಡ್ ಬದಲಾಯಿಸುತ್ತಾರೆ. ಒಳಗೆ ಕುಳಿತಿರುವ ಕಳ್ಳನಿಗೆ ಹಳೆಯ ಪಾಸ್‌ವರ್ಡಿನ ಜೊತೆ ಹೊಸದೂ ಸಿಕ್ಕಿದಂತಾಗುತ್ತದೆ.

ಮಾಲ್‌ವೇರ್ ಎಂದು ಕಂಪ್ಯೂಟರಿನವರು ಕರೆಯುವುದಕ್ಕೆ ಕನ್ನಡದಲ್ಲಿ ಕುತಂತ್ರಾಂಶ ಎಂಬ ಹೆಸರು ಬಂದಿದೆ. ಯಂತ್ರದ ಒಡೆಯನಿಗೆ ತಿಳಿಯದಂತೆ ಒಳಗೆ ಸೇರಿ, ಬೇರೊಬ್ಬನ ಆಳಾಗಿ ದುಡಿಯುವ ತಂತ್ರಾಂಶ ಅದು. ಬೇಸಾಯದ ಪತ್ರಿಕೆಯಲ್ಲಿ ಇದರ ಮಾತೇಕೆ ಎಂದು ಕೆಲವರು ಕೇಳಬಹುದು. ಹಾಲಿನ ಬಟವಾಡೆ, ಪಿ.ಎಂ. ಕಿಸಾನ್ ಕಂತು, ಬೆಳೆ ವಿಮೆ, ರೇಷ್ಮೆಗೂಡಿನ ಹಣ ಇವೆಲ್ಲ ಈಗ ಖಾತೆಗೇ ಬರುತ್ತವೆ. ಕಳೆ ತೆಗೆದು, ಗೊಬ್ಬರ ಕೊಟ್ಟು, ರೋಗ ತಡೆದು ಬೆಳೆದ ಬೆಳೆಯ ಹಣ ಒಂದು ರಾತ್ರಿಯಲ್ಲಿ ಹೋಗುವುದಾದರೆ, ಎಕರೆಗೆ ಎರಡು ಕ್ವಿಂಟಾಲು ಇಳುವರಿ ಹೆಚ್ಚಿಸುವ ನಮ್ಮ ಸಲಹೆಗೆ ಬೆಲೆಯೇನು ಉಳಿಯಿತು?

ಕೆ.ಜಿ.ಎಫ್.ನ ಆಂಡರ್ಸನ್‌ಪೇಟೆಯ ಸುತ್ತಿನ ಸ್ಥಿತಿಯನ್ನೇ ನೋಡೋಣ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿಗಳು ಮುಚ್ಚಿದ ಮೇಲೆ ಇಲ್ಲಿಯ ಎಷ್ಟೋ ಮನೆಗಳ ಯುವಕರು ಮಾರಿಕುಪ್ಪಂ, ಬಂಗಾರಪೇಟೆಗಳಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಾರೆ. ಬೇತಮಂಗಲ, ಕ್ಯಾಸಂಬಳ್ಳಿ ಕಡೆಯ ಹಳ್ಳಿಗಳಲ್ಲಿಯೂ ಇದೇ ಕತೆ. ಹೊಲ, ಹಸು ನೋಡಿಕೊಳ್ಳುವವರು ತಂದೆತಾಯಿ. ಅವರ ಖಾತೆಯನ್ನು ಫೋನಿನಲ್ಲೊ ಲ್ಯಾಪ್‌ಟಾಪಿನಲ್ಲೊ ನಡೆಸುವವರು ಮಕ್ಕಳು. ಮಗ ರೈಲಿನಲ್ಲಿರುವಾಗ ಮನೆಯ ಫೋನಿಗೆ ಬಂದ ಕಡತವನ್ನು ಮತ್ತಾರೋ ಒತ್ತುತ್ತಾರೆ. ಕೈಗೆ ಫೋನು ಕೊಟ್ಟವರು ಏನಾದರೆ ಏನು ಮಾಡಬೇಕೆಂದು ಹೇಳಿರುವುದಿಲ್ಲ. ಆದ್ದರಿಂದ ಈ ಲೇಖನವನ್ನು ಮಗ ಮಾತ್ರ ಓದಿದರೆ ಸಾಲದು, ಮನೆಯಲ್ಲಿರುವವರೂ ಓದಬೇಕು.

ಹರಡುವ ಬಗೆ

ಫೋನಿಗೆ ಈ ರೋಗ ತಗಲುವುದು ಬಹುಮಟ್ಟಿಗೆ ವಾಟ್ಸಾಪಿನಲ್ಲಿ ಬರುವ ಎ.ಪಿ.ಕೆ. ಎಂಬ ಕಡತದಿಂದ. ಎ.ಪಿ.ಕೆ. ಎಂದರೆ ಆಂಡ್ರಾಯ್ಡ್ ಫೋನಿನಲ್ಲಿ ಒಂದು ಆ್ಯಪನ್ನು ನೆಡುವ ಕಡತ. ಸಸಿ ಇದ್ದ ಹಾಗೆ. ಪ್ಲೇ ಸ್ಟೋರ್ ಎಂಬ ಅಂಗಡಿಯಿಂದ ತಂದ ಸಸಿಯನ್ನು ಒಂದಷ್ಟು ಪರೀಕ್ಷೆ ಮಾಡಿರುತ್ತಾರೆ (ಅಲ್ಲಿಯೂ ಆಗೊಮ್ಮೆ ಈಗೊಮ್ಮೆ ಕೆಟ್ಟದ್ದು ನುಸುಳುವುದುಂಟು). ವಾಟ್ಸಾಪಿನಲ್ಲಿ ಬಂದದ್ದಕ್ಕೆ ಯಾವ ಪರೀಕ್ಷೆಯೂ ಇಲ್ಲ. ಪಿ.ಎಂ. ಕಿಸಾನ್ ಪಟ್ಟಿ, ಗಾಡಿಯ ಮೇಲಿನ ದಂಡದ ಚಲನ್, ಮದುವೆಯ ಕರೆಯೋಲೆ, ಕರೆಂಟ್ ಬಿಲ್ ಬಾಕಿ, ಬ್ಯಾಂಕಿನ ಕೆ.ವೈ.ಸಿ. ಎಂದು ಅದಕ್ಕೆ ಹೆಸರಿಟ್ಟಿರುತ್ತಾರೆ. ಮದುವೆಯ ಪತ್ರಿಕೆ ಚಿತ್ರವಾಗಿಯೊ ಪಿ.ಡಿ.ಎಫ್. ಆಗಿಯೊ ಬರುತ್ತದೆಯೇ ಹೊರತು, ಅದನ್ನು ನೋಡಲು ಆ್ಯಪ್ ಹಾಕಿಕೊಳ್ಳಬೇಕಾಗಿಲ್ಲ. ಇಷ್ಟು ನೆನಪಿದ್ದರೆ ಅರ್ಧ ರೋಗ ಬಾಗಿಲಲ್ಲೇ ನಿಲ್ಲುತ್ತದೆ. ಕಳುಹಿಸಿದವರು ಪರಿಚಯದವರೇ ಆಗಿರಬಹುದು. ಅವರ ಫೋನಿಗೂ ಹೀಗೆಯೇ ತಗಲಿ, ಅದು ತಾನಾಗಿ ಎಲ್ಲರಿಗೂ ಹಂಚುತ್ತಿರುತ್ತದೆ. ಬಿಳಿ ನೊಣಕ್ಕೂ ತಾನು ನಂಜು ಹೊತ್ತಿರುವುದು ಗೊತ್ತಿರುವುದಿಲ್ಲ.

ಇನ್ನು ಒಳಗೆ ಸೇರಿದ ಮೇಲೆ ಅದು ಮಾಡುವ ಕೆಲಸ. ಫೋನಿನಿಂದ ಹಣ ಸಾಗಿಸಲು ಕಳ್ಳನಿಗೆ ಎರಡು ವಸ್ತು ಬೇಕು. ಒಂದು, ನಿಮ್ಮ ಗುರುತಿನ ವಿವರ, ಅಂದರೆ ಎ.ಟಿ.ಎಂ. ಕಾರ್ಡಿನ ಸಂಖ್ಯೆ, ಅವಧಿ ಮುಗಿಯುವ ತಿಂಗಳು, ಆಧಾರ್ ಸಂಖ್ಯೆ, ಇಲ್ಲವೆ ನೆಟ್ ಬ್ಯಾಂಕಿಂಗಿನ ಹೆಸರು ಮತ್ತು ಪಾಸ್‌ವರ್ಡ್. ಎರಡು, ಬ್ಯಾಂಕು ಎಸ್.ಎಂ.ಎಸ್. ಮೂಲಕ ಕಳುಹಿಸುವ ಒಟಿಪಿ. ನಕಲಿ ಆ್ಯಪ್ ತೆರೆದಾಗ ಸರ್ಕಾರದ ಲಾಂಛನವಿರುವ ಒಂದು ನಮೂನೆ ಕಾಣಿಸುತ್ತದೆ. ಅದನ್ನು ತುಂಬಿದಾಗ ಮೊದಲನೆಯದು ಹೋಗುತ್ತದೆ. ಆ್ಯಪ್ ಹಾಕುವಾಗ ಎಸ್.ಎಂ.ಎಸ್. ಓದಲು ಅನುಮತಿ ಕೇಳಿರುತ್ತದೆ, ನೀವು ಒತ್ತಿರುತ್ತೀರಿ. ಎರಡನೆಯದೂ ಆ ದಾರಿಯಲ್ಲೇ ಹೋಗುತ್ತದೆ. ‘ನಾನು ಯಾರಿಗೂ ಒಟಿಪಿ ಹೇಳಲಿಲ್ಲ, ಆದರೂ ಹಣ ಹೋಯಿತು’ ಎಂದು ಜನ ಗೋಳಿಡುವುದು ಇದರಿಂದ. ಅವರು ಹೇಳುವುದು ನಿಜ. ಬಾಯಿಂದ ಹೇಳಿರುವುದಿಲ್ಲ, ಫೋನೇ ಹೇಳಿರುತ್ತದೆ.

2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರದ ಕಂಪ್ಯೂಟರ್ ತುರ್ತು ಸಂಸ್ಥೆಯಾದ ಸರ್ಟ್-ಇನ್, ಡ್ರಿನಿಕ್ ಎಂಬ ಕುತಂತ್ರಾಂಶದ ಬಗ್ಗೆ ಎಚ್ಚರಿಕೆ ಹೊರಡಿಸಿತು. ಆದಾಯ ತೆರಿಗೆಯ ಮರುಪಾವತಿ ಬಂದಿದೆ ಎಂದು ನಂಬಿಸಿ, ಇಪ್ಪತ್ತೇಳಕ್ಕೂ ಹೆಚ್ಚು ಭಾರತೀಯ ಬ್ಯಾಂಕುಗಳ ಗ್ರಾಹಕರಿಗೆ ಅದು ಬಲೆ ಬೀಸಿತ್ತು. ಮರುವರ್ಷ, 2022ರ ಸೆಪ್ಟೆಂಬರಿನಲ್ಲಿ, ಸೋವಾ ಎಂಬ ಇನ್ನೊಂದರ ಬಗ್ಗೆ ಅದೇ ಸಂಸ್ಥೆ ಎಚ್ಚರಿಸಿತು. ಅದನ್ನು ಅಳಿಸಲು ಹೊರಟರೆ ‘ಈ ಆ್ಯಪ್ ಸುರಕ್ಷಿತವಾಗಿದೆ’ ಎಂಬ ಸೂಚನೆ ತೋರಿಸಿ, ಫೋನನ್ನು ಮೊದಲ ಪರದೆಗೆ ಹಿಂದಿರುಗಿಸಿಬಿಡುತ್ತಿತ್ತು. ಹೆಸರುಗಳು ಬದಲಾಗುತ್ತಿರುತ್ತವೆ. ಕೀಟಗಳ ಹಾಗೆ ಇವುಗಳಲ್ಲಿಯೂ ಹೊಸ ಹೊಸ ತಳಿ ಬರುತ್ತದೆ. ಹೆಸರು ಬಾಯಿಪಾಠ ಮಾಡುವ ಅಗತ್ಯವಿಲ್ಲ.

ಕಂಪ್ಯೂಟರಿಗೆ ತಗಲುವ ದಾರಿ ಸ್ವಲ್ಪ ಬೇರೆ. ಹಣ ಕೊಡದೆ ಪಡೆದ ಕಳ್ಳಪ್ರತಿ ತಂತ್ರಾಂಶ, ಇಮೇಲಿನ ಜೊತೆ ಬಂದ ಬಿಲ್ಲಿನಂಥ ಕಡತ, ಹತ್ತಾರು ಜನರ ಪೆನ್ ಡ್ರೈವ್ ಹೊಕ್ಕು ಬರುವ ಜೆರಾಕ್ಸ್ ಅಂಗಡಿಯ ಯಂತ್ರ ಇವು ಮುಖ್ಯ ಮೂಲಗಳು. ಪಹಣಿಯ ಪ್ರತಿ ತೆಗೆಸಲು ಕೊಟ್ಟ ಪೆನ್ ಡ್ರೈವನ್ನೇ ಮನೆಗೆ ತಂದು ಲ್ಯಾಪ್‌ಟಾಪಿಗೆ ಚುಚ್ಚುವುದು ರೋಗದ ಮಡಿಯಿಂದ ಸಸಿ ತಂದಂತೆ. ಒಳಗೆ ಸೇರಿದ್ದು ನೀವು ಒತ್ತುವ ಅಕ್ಷರಗಳನ್ನೆಲ್ಲ ಬರೆದುಕೊಳ್ಳಬಹುದು. ಅದಕ್ಕಿಂತ ಸುಲಭದ ಕೆಲಸವೆಂದರೆ, ‘ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲೇ?’ ಎಂದು ಬ್ರೌಸರ್ ಕೇಳಿದಾಗ ನೀವು ಒಪ್ಪಿ ಉಳಿಸಿದ್ದನ್ನೆಲ್ಲ ಒಂದೇ ಸಲಕ್ಕೆ ಗುಡಿಸಿಕೊಂಡು ಹೋಗುವುದು. ಇದಕ್ಕೆ ಕೆಲವು ನಿಮಿಷ ಸಾಕು.

ಲಕ್ಷಣಗಳು

ಹಾಕಿದ ಆ್ಯಪಿನ ಗುರುತು ಪರದೆಯಿಂದ ಮಾಯವಾಗುವುದು. ಕೇಳದೆ ಒಟಿಪಿ ಬರುವುದು, ಅಥವಾ ಬರಬೇಕಾದ ಬ್ಯಾಂಕಿನ ಎಸ್.ಎಂ.ಎಸ್. ಬಾರದೇ ಇರುವುದು, ನೀವು ಕಳುಹಿಸದ ಸಂದೇಶ ನಿಮ್ಮ ಹೆಸರಿನಲ್ಲಿ ನೆಂಟರಿಗೆ ಹೋಗುವುದು, ಒಂದು ಆ್ಯಪನ್ನು ಅಳಿಸಲು ಹೋದರೆ ಅಳಿಸಲಾಗದಿರುವುದು, ಸುಮ್ಮನಿಟ್ಟ ಫೋನು ಬಿಸಿಯಾಗುವುದು. ಆದರೆ ಎಲೆ ಮುಟುರು ಬಂದ ಗಿಡ ಸೋಂಕು ತಗಲಿದ ದಿನವೇ ಸೊರಗುವುದಿಲ್ಲ. ಇಲ್ಲಿಯೂ ಲಕ್ಷಣ ಕಾಣದೆ ದಿನಗಳು ಕಳೆಯಬಹುದು. ಗೊತ್ತಿಲ್ಲದ ಎ.ಪಿ.ಕೆ. ಒತ್ತಿ ಆ್ಯಪ್ ಹಾಕಿಕೊಂಡದ್ದು ನಿಜವಾದರೆ, ಲಕ್ಷಣಕ್ಕಾಗಿ ಕಾಯದೆ ಮುಂದಿನ ಕ್ರಮಗಳನ್ನು ಕೈಗೊಳ್ಳಬೇಕು.

ಮೊದಲ ಒಂದು ಗಂಟೆ

ಎಲ್ಲಕ್ಕಿಂತ ಮೊದಲು ರೋಗದ ಯಂತ್ರವನ್ನು ಹೊರಜಗತ್ತಿನಿಂದ ಬೇರ್ಪಡಿಸಿ. ಫೋನಾದರೆ ಏರೋಪ್ಲೇನ್ ಮೋಡ್ ಹಾಕಿ. ಲ್ಯಾಪ್‌ಟಾಪಾದರೆ ವೈಫೈ ನಿಲ್ಲಿಸಿ, ಕೇಬಲ್ ಇದ್ದರೆ ಕಿತ್ತುಬಿಡಿ. ದೊಡ್ಡವರು ಮಾಡುವುದೂ ಇದನ್ನೇ. 2024ರ ಜುಲೈ ಕೊನೆಯಲ್ಲಿ, ಸಣ್ಣ ಬ್ಯಾಂಕುಗಳಿಗೆ ಕಂಪ್ಯೂಟರ್ ಸೇವೆ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಸಂಸ್ಥೆಗೆ ಕುತಂತ್ರಾಂಶ ತಗಲಿದಾಗ, ರಾಷ್ಟ್ರೀಯ ಪಾವತಿ ನಿಗಮವು ಅದನ್ನು ತನ್ನ ಜಾಲದಿಂದ ತಕ್ಷಣ ಬೇರ್ಪಡಿಸಿತು. ಸುಮಾರು 300 ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳ ಪಾವತಿ ತಾತ್ಕಾಲಿಕವಾಗಿ ನಿಂತಿತು. ತೊಂದರೆಯಾದರೂ ರೋಗ ಹರಡಲಿಲ್ಲ.

ಬೇರ್ಪಡಿಸಿದ ಮೇಲೆ ಸಿಮ್ ತೆಗೆದು ಒಂದು ಸಾದಾ ಕೀಪ್ಯಾಡ್ ಫೋನಿಗೆ ಹಾಕಿ. ಹಳ್ಳಿಯ ಮನೆಗಳಲ್ಲಿ ಅಂಥದೊಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಜಿಯೊ ಸಿಮ್ ಆಗಿದ್ದರೆ ಹಳೆಯ ಕೀಪ್ಯಾಡ್ ಫೋನಿನಲ್ಲಿ ನಡೆಯುವುದಿಲ್ಲ, 4ಜಿ ಇರುವ ಕೀಪ್ಯಾಡ್ ಫೋನೇ ಬೇಕು. ಇದರಿಂದ ಎರಡು ಲಾಭ. ಇನ್ನು ಮುಂದೆ ಬರುವ ಒಟಿಪಿ ಕುತಂತ್ರಾಂಶದ ಕಣ್ಣಿಗೆ ಬೀಳುವುದಿಲ್ಲ; ಬ್ಯಾಂಕಿಗೆ ನಿಮ್ಮದೇ ನಂಬರಿನಿಂದ ಮಾತನಾಡಲು ಸಾಧ್ಯವಾಗುತ್ತದೆ. ಅದೇ ಫೋನಿನಲ್ಲಿ ##002# ಎಂದು ಒತ್ತಿ ಕರೆ ಮಾಡಿದರೆ, ನಿಮ್ಮ ಕರೆಗಳನ್ನು ಯಾರಾದರೂ ಬೇರೆ ನಂಬರಿಗೆ ತಿರುಗಿಸಿಟ್ಟಿದ್ದರೆ ಅದು ರದ್ದಾಗುತ್ತದೆ. ಕೀಪ್ಯಾಡ್ ಫೋನಿಗೆ ಸಿಮ್ ಹಾಕುವ ಈ ಉಪಾಯಕ್ಕೆ ಪೈಸೆ ಖರ್ಚಿಲ್ಲ. ಆದರೂ ಇದನ್ನು ಮಾಡುವವರು ಕಡಿಮೆ. ನನ್ನ ದೃಷ್ಟಿಯಲ್ಲಿ ಈ ಲೇಖನದಲ್ಲಿರುವ ಕ್ರಮಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಇದೇ.

ಮೂರನೆಯದು ಬ್ಯಾಂಕಿಗೆ ಕರೆ. ಬ್ಯಾಂಕಿನ ನಂಬರನ್ನು ಗೂಗಲಿನಲ್ಲಿ ಹುಡುಕಬೇಡಿ. ಅಲ್ಲಿ ಕಳ್ಳರು ತಮ್ಮ ನಂಬರನ್ನೇ ಬ್ಯಾಂಕಿನದೆಂದು ಹಾಕಿರುವುದುಂಟು. ಎ.ಟಿ.ಎಂ. ಕಾರ್ಡಿನ ಹಿಂಬದಿ ಇಲ್ಲವೆ ಪಾಸ್‌ಬುಕ್ಕಿನಲ್ಲಿ ಅಚ್ಚಾಗಿರುವ ನಂಬರಿಗೆ ಕರೆ ಮಾಡಿ. ಹೇಳಬೇಕಾದ ಮಾತು ಇಷ್ಟು: ‘ನನ್ನ ಫೋನಿಗೆ ಕುತಂತ್ರಾಂಶ ತಗಲಿದೆ. ನನ್ನ ಖಾತೆಯಿಂದ ಹಣ ಹೊರಹೋಗುವುದನ್ನು ನಿಲ್ಲಿಸಿ. ಯು.ಪಿ.ಐ., ನೆಟ್ ಬ್ಯಾಂಕಿಂಗ್, ಮೊಬೈಲ್ ಬ್ಯಾಂಕಿಂಗ್, ಎ.ಟಿ.ಎಂ. ಕಾರ್ಡ್ ಎಲ್ಲವನ್ನೂ ತಡೆಹಿಡಿಯಿರಿ. ದೂರಿನ ಸಂಖ್ಯೆ ಕೊಡಿ.’ ಆ ಸಂಖ್ಯೆಯನ್ನು, ಕರೆ ಮಾಡಿದ ಗಂಟೆ ನಿಮಿಷವನ್ನು ಕಾಗದದ ಮೇಲೆ ಬರೆದಿಡಿ. ಅದರ ಬೆಲೆ ಏನೆಂದು ಮುಂದೆ ಹೇಳುತ್ತೇನೆ.

ಇಲ್ಲಿ ರೈತರನ್ನು ಕಾಡುವ ಒಂದು ಭಯವಿದೆ. ಖಾತೆ ನಿಲ್ಲಿಸಿದರೆ ಹಾಲಿನ ಹಣ, ಕಿಸಾನ್ ಕಂತು ನಿಂತುಹೋದೀತೆಂದು ಹಿಂಜರಿಯುತ್ತಾರೆ. ಹಾಗಾಗುವುದಿಲ್ಲ. ನೀವು ಕೇಳುತ್ತಿರುವುದು ಹಣ ಹೊರಹೋಗುವ ತೂಬನ್ನು ಮುಚ್ಚಲು ಮಾತ್ರ. ಕೆರೆಗೆ ನೀರು ಬರುವ ಕಾಲುವೆ ತೆರೆದೇ ಇರುತ್ತದೆ. ಆದರೆ ಗಾಬರಿಯಿಂದ ಖಾತೆಯನ್ನೇ ಮುಚ್ಚಿಸಬೇಡಿ. ಸರ್ಕಾರದ ಸಹಾಯಧನ ಆಧಾರ್ ಜೋಡಣೆಯಾದ ಖಾತೆಯನ್ನು ಹುಡುಕಿಕೊಂಡು ಬರುತ್ತದೆ. ಆ ಖಾತೆ ಇಲ್ಲವಾದರೆ ಹೊಸ ಖಾತೆಗೆ ಜೋಡಣೆಯಾಗುವವರೆಗೆ ಕಂತು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ.

ಹಣ ಆಗಲೇ ಹೋಗಿದ್ದರೆ 1930 ಸಂಖ್ಯೆಗೆ ಕರೆ ಮಾಡುವುದು ಬ್ಯಾಂಕಿನ ಕರೆಯಷ್ಟೇ ಮುಖ್ಯ. ಮನೆಯಲ್ಲಿ ಇಬ್ಬರಿದ್ದರೆ ಒಬ್ಬರು ಬ್ಯಾಂಕಿಗೆ, ಇನ್ನೊಬ್ಬರು 1930ಕ್ಕೆ ಒಂದೇ ಕಾಲಕ್ಕೆ ಕರೆ ಮಾಡಿ. 2021ರಲ್ಲಿ ಬೇರೊಂದು ಸಂಖ್ಯೆಯೊಡನೆ ಆರಂಭವಾದ ಈ ರಾಷ್ಟ್ರೀಯ ಸಹಾಯವಾಣಿ ಕೆಲಸ ಮಾಡುವ ರೀತಿ ತಿಳಿದರೆ ಅವಸರ ಏಕೆಂದು ಅರ್ಥವಾಗುತ್ತದೆ. ಕಳ್ಳ ನಿಮ್ಮ ಹಣವನ್ನು ಒಂದು ಖಾತೆಯಲ್ಲಿ ಇಟ್ಟು ಕೂರುವುದಿಲ್ಲ. ಬಾಡಿಗೆಗೆ ಪಡೆದ ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ನಾಲ್ಕಕ್ಕೆ ಹಂಚಿ, ಕೊನೆಗೆ ಯಾವುದೋ ಊರಿನ ಎ.ಟಿ.ಎಂ.ನಲ್ಲಿ ನೋಟಾಗಿ ತೆಗೆಯುತ್ತಾನೆ. 1930ರಲ್ಲಿ ದೂರು ದಾಖಲಾದ ಕೂಡಲೇ ಹಣ ತಲುಪಿದ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಅಲ್ಲಿ ಉಳಿದಿದ್ದನ್ನು ಆ ಬ್ಯಾಂಕು ತಡೆಹಿಡಿಯುತ್ತದೆ, ಮುಂದೆ ಹೋಗಿದ್ದರೆ ಮುಂದಿನ ಬ್ಯಾಂಕಿಗೆ ಸೂಚನೆ ದಾಟುತ್ತದೆ. ನೋಟಾಗಿ ಹೊರಬಂದ ಮೇಲೆ ತಡೆಹಿಡಿಯಲು ಏನೂ ಉಳಿದಿರುವುದಿಲ್ಲ. ಮಗ ರಾತ್ರಿ ರೈಲಿನಿಂದ ಇಳಿದು ಬರಲಿ ಎಂದು ಕಾಯುವ ಐದಾರು ಗಂಟೆಯಲ್ಲಿ ಹಣ ನಾಲ್ಕು ರಾಜ್ಯ ದಾಟಿರುತ್ತದೆ.

ಕರೆ ಮಾಡುವಾಗ ಖಾತೆ ಸಂಖ್ಯೆ, ಹೋದ ಮೊತ್ತ, ಎಸ್.ಎಂ.ಎಸ್.ನಲ್ಲಿರುವ ವ್ಯವಹಾರದ ಸಂಖ್ಯೆ, ದಿನಾಂಕ, ವೇಳೆ ಕೈಯಲ್ಲಿರಲಿ. ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿಯೂ ಪೂರ್ತಿಗೊಳಿಸಬೇಕು. ಇದಕ್ಕೆ ರೋಗದ ಯಂತ್ರ ಬಳಸಕೂಡದು. ಕೆ.ಜಿ.ಎಫ್. ಪ್ರತ್ಯೇಕ ಪೊಲೀಸ್ ಜಿಲ್ಲೆಯಾಗಿರುವುದರಿಂದ ಆಂಡರ್ಸನ್‌ಪೇಟೆಯ ಸುತ್ತಿನವರು ದೂರನ್ನು ಅಲ್ಲಿಯ ಠಾಣೆಗಳಲ್ಲಿಯೇ ಕೊಡಬಹುದು.

ಶಾಖೆಯಲ್ಲಿ ಮಾಡಿಸಬೇಕಾದ ಕೆಲಸ

ಫೋನಿನಲ್ಲಿ ಹೇಳಿದ್ದು ಮುಗಿಯಿತೆಂದು ಮನೆಯಲ್ಲಿ ಕೂರಬಾರದು. ಶಾಖೆ ತೆರೆದ ಮೊದಲ ದಿನವೇ ಲಿಖಿತ ದೂರನ್ನು ಎರಡು ಪ್ರತಿ ಮಾಡಿಕೊಂಡು ಹೋಗಿ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆ ಎಂಬುದು ನೆನಪಿರಲಿ. ಒಂದು ಪ್ರತಿಯ ಮೇಲೆ ಮೊಹರು, ದಿನಾಂಕ, ವೇಳೆ ಹಾಕಿಸಿಕೊಂಡು ಮನೆಗೆ ತನ್ನಿ.

ಶಾಖೆಯಲ್ಲಿ ಕೇಳಿ ತಿಳಿಯಬೇಕಾದ ಸಂಗತಿಗಳು ಹಲವಿವೆ. ಖಾತೆಗೆ ಜೋಡಿಸಿದ ಮೊಬೈಲ್ ನಂಬರು, ಇಮೇಲು ನಿಮ್ಮದೇ ಇದೆಯೆ? ಹಣ ಕಳುಹಿಸಬಹುದಾದವರ ಪಟ್ಟಿಯಲ್ಲಿ ನಿಮಗೆ ಗೊತ್ತಿಲ್ಲದ ಹೆಸರು ಸೇರಿದೆಯೆ? ತಿಂಗಳು ತಿಂಗಳು ತಾನಾಗಿ ಹಣ ಕಡಿತವಾಗುವ ಆಟೊಪೇ ಒಪ್ಪಿಗೆ ಹೊಸದೇನಾದರೂ ಇದೆಯೆ? ನಿರಖು ಠೇವಣಿಯನ್ನು ಯಾರಾದರೂ ಮುರಿದಿದ್ದಾರೆಯೆ, ಅದರ ಮೇಲೆ ಸಾಲ ತೆಗೆದಿದ್ದಾರೆಯೆ? ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನೆಟ್ ಬ್ಯಾಂಕಿಂಗ್ ಕೈಗೆ ಸಿಕ್ಕ ಕಳ್ಳನಿಗೆ ಉಳಿತಾಯ ಖಾತೆಯಲ್ಲಿ ಐನೂರು ರೂಪಾಯಿ ಇದ್ದರೂ ಚಿಂತೆಯಿಲ್ಲ. ಠೇವಣಿ ಮುರಿದೊ, ಬ್ಯಾಂಕು ತಾನಾಗಿ ಮಂಜೂರು ಮಾಡಿಟ್ಟ ಸಾಲವನ್ನು ನಿಮ್ಮ ಹೆಸರಿನಲ್ಲಿ ಎತ್ತಿಯೊ ಹಣ ಮಾಡಿಕೊಳ್ಳುತ್ತಾನೆ. ಕಿಸಾನ್ ಕ್ರೆಡಿಟ್ ಕಾರ್ಡಿನ ಖಾತೆಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಲ್ಲಿಂದ ಹೋಗುವ ಹಣ ನಿಮ್ಮ ಉಳಿತಾಯವಲ್ಲ, ಬ್ಯಾಂಕಿನ ಸಾಲ. ಕದ್ದವನು ತಿಂದು ಹೋದದ್ದಕ್ಕೆ ಬಡ್ಡಿ ಲೆಕ್ಕ ನಿಮ್ಮ ಹೆಸರಿನಲ್ಲಿ ಏರುತ್ತದೆ. ಆ ಕಾರ್ಡನ್ನೂ ತಡೆಹಿಡಿಯಲು ಮರೆಯದೆ ಹೇಳಿ.

ಪಾಸ್‌ವರ್ಡ್ ಬದಲಾವಣೆ

ಈಗ ಪಾಸ್‌ವರ್ಡಿನ ಸರದಿ. ರೋಗ ತಗಲದ, ನಂಬಿಕೆಯ ಬೇರೆ ಯಂತ್ರದಿಂದ ಬದಲಾಯಿಸಬೇಕು. ಸೈಬರ್ ಸೆಂಟರಿನ ಕಂಪ್ಯೂಟರ್ ಈ ಕೆಲಸಕ್ಕೆ ಬೇಡ. ಮೊದಲು ಬದಲಾಯಿಸಬೇಕಾದ್ದು ಬ್ಯಾಂಕಿನದಲ್ಲ, ಇಮೇಲಿನದು. ಇಮೇಲು ಕಳ್ಳನ ಕೈಯಲ್ಲಿದ್ದರೆ ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದು ಒತ್ತಿ ಉಳಿದವನ್ನೆಲ್ಲ ಅವನು ಮತ್ತೆ ತೆರೆಯಬಲ್ಲ. ಇಮೇಲಿನಲ್ಲಿ ‘ಎಲ್ಲ ಸಾಧನಗಳಿಂದ ಹೊರಬನ್ನಿ’ ಎಂಬ ಅರ್ಥದ ಆಯ್ಕೆ ಇರುತ್ತದೆ, ಅದನ್ನೂ ಒತ್ತಿ. ಒಮ್ಮೆ ಒಳಹೊಕ್ಕ ಗುರುತುಚೀಟಿಯನ್ನೇ ಕದಿಯುವ ಕುತಂತ್ರಾಂಶಗಳಿವೆ. ಬೀಗ ಬದಲಾಯಿಸಿದರೂ ಒಳಗಿರುವವನು ಒಳಗೇ ಉಳಿಯದಂತೆ ಇದು ಮಾಡುತ್ತದೆ.

ಅನಂತರ ನೆಟ್ ಬ್ಯಾಂಕಿಂಗಿನ ಪಾಸ್‌ವರ್ಡ್, ಆಮೇಲೆ ಮೊಬೈಲ್ ಬ್ಯಾಂಕಿಂಗ್ ಮತ್ತು ಯು.ಪಿ.ಐ. ಪಿನ್. ಎ.ಟಿ.ಎಂ. ಪಿನ್ನನ್ನು ಎ.ಟಿ.ಎಂ. ಯಂತ್ರದಲ್ಲಿಯೇ ಬದಲಾಯಿಸುವುದು ಲೇಸು. ಆದರೆ ಕಾರ್ಡಿನ ಸಂಖ್ಯೆಯನ್ನು ನಕಲಿ ನಮೂನೆಯಲ್ಲಿ ತುಂಬಿದ್ದರೆ ಪಿನ್ ಬದಲಾವಣೆ ಸಾಲದು, ಹೊಸ ಕಾರ್ಡನ್ನೇ ಪಡೆಯಬೇಕು. ಬ್ಯಾಂಕಿನ ಜಾಲತಾಣ ತೆರೆಯುವಾಗ ವಿಳಾಸದ ಕೊನೆಯನ್ನು ನೋಡಿ. ರಿಸರ್ವ್ ಬ್ಯಾಂಕಿನ ಆದೇಶದಂತೆ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕಿತ್ತು.

ಹೊಸ ಪಾಸ್‌ವರ್ಡುಗಳನ್ನು ನೆನಪಿಡಲಾಗದಿದ್ದರೆ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಟ್ರಂಕಿನಲ್ಲಿ ಬೀಗ ಹಾಕಿಡಿ. ಬರೆಯಲೇಬಾರದೆಂದು ಹೇಳುವವರಿದ್ದಾರೆ. ಆದರೆ ಪಾಸ್‌ವರ್ಡಿನ ಫೋಟೊ ತೆಗೆದು ಫೋನಿನಲ್ಲಿ ಇಡುವುದಕ್ಕಿಂತ, ಮಗನಿಗೆ ವಾಟ್ಸಾಪಿನಲ್ಲಿ ಕಳುಹಿಸುವುದಕ್ಕಿಂತ ಟ್ರಂಕು ಸಾವಿರ ಪಾಲು ಮೇಲು. ದೂರದ ದೇಶದಲ್ಲಿ ಕುಳಿತ ಕಳ್ಳ ನಿಮ್ಮ ಟ್ರಂಕಿಗೆ ಕೈಹಾಕಲಾರ.

ಫೋನು, ಕಂಪ್ಯೂಟರುಗಳ ಶುದ್ಧಿ

ಅಳಿಸುವ ಮುನ್ನ ಸಾಕ್ಷ್ಯ ಉಳಿಸಿಕೊಳ್ಳಿ. ಬಂದ ಸಂದೇಶ, ಕಳುಹಿಸಿದ ನಂಬರು, ಕಡತದ ಹೆಸರು, ಹಣ ಹೋದ ಎಸ್.ಎಂ.ಎಸ್.ಗಳ ಚಿತ್ರವನ್ನು ಇನ್ನೊಂದು ಫೋನಿನಿಂದ ತೆಗೆಯಿರಿ. ಹಣ ಹೋಗಿ ದೂರು ಕೊಟ್ಟಿದ್ದರೆ, ಫೋನನ್ನು ನೋಡಬೇಕೆ ಎಂದು ಪೊಲೀಸರನ್ನು ಕೇಳಿದ ಮೇಲೆಯೇ ಮುಂದಿನ ಕೆಲಸ.

ಆ ಒಂದು ಆ್ಯಪನ್ನು ಅಳಿಸಿದರೆ ಸಾಕೆ ಎಂದು ಹಲವರು ಕೇಳುತ್ತಾರೆ. ಸಾಲದೆಂದೇ ನನ್ನ ಅಭಿಪ್ರಾಯ. ಒಂದು ಕುತಂತ್ರಾಂಶ ಇನ್ನೊಂದನ್ನು ತಂದು ನೆಟ್ಟಿರಬಹುದು. ಕೇಂದ್ರ ಸರ್ಕಾರವು 2017ರ ಫೆಬ್ರುವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವು ಕುತಂತ್ರಾಂಶ ಪತ್ತೆ ಹಚ್ಚಿ ತೆಗೆಯುವ ಉಪಕರಣಗಳನ್ನು ಉಚಿತವಾಗಿ ಒದಗಿಸುತ್ತದೆ. ಅನುಮಾನ ಮಾತ್ರ ಇದ್ದಾಗ ಅವುಗಳಿಂದ ಪರೀಕ್ಷೆ ಮಾಡಬಹುದು. ತಗಲಿದ್ದು ಖಚಿತವಾದರೆ ಫ್ಯಾಕ್ಟರಿ ರೀಸೆಟ್ ಮಾಡುವುದೇ ಸರಿ, ಅಂದರೆ ಫೋನನ್ನು ಕೊಂಡಾಗ ಇದ್ದ ಸ್ಥಿತಿಗೆ ತರುವುದು. ಮಕ್ಕಳ ಚಿತ್ರ, ಜಮೀನಿನ ದಾಖಲೆಗಳನ್ನು ಮೊದಲೇ ಬೇರೆಡೆಗೆ ಪ್ರತಿ ಮಾಡಿಕೊಳ್ಳಿ. ಆ್ಯಪುಗಳನ್ನು ಮಾತ್ರ ಹಳೆಯ ಪ್ರತಿಯಿಂದ ಮರಳಿ ತುಂಬಬೇಡಿ. ಬೇಕಾದವನ್ನು ಒಂದೊಂದಾಗಿ ಪ್ಲೇ ಸ್ಟೋರಿನಿಂದಲೇ ಹಾಕಿ. ಇಷ್ಟಾದ ಮೇಲೆ ಸಿಮ್ ಹಿಂದಿರುಗಿಸಬಹುದು, ಬ್ಯಾಂಕಿನ ಸೇವೆಗಳನ್ನು ಒಂದೊಂದಾಗಿ ತೆರೆಸಿಕೊಳ್ಳಬಹುದು.

ಲ್ಯಾಪ್‌ಟಾಪಿಗೂ ಇದೇ ವಿಧಾನ. ವಿಂಡೋಸನ್ನು ಮೊದಲಿನಿಂದ ಹೊಸದಾಗಿ ಹಾಕಿಸಬೇಕು. ರಿಪೇರಿ ಅಂಗಡಿಯಲ್ಲಿ ನಾಲ್ಕುನೂರು ಐನೂರಕ್ಕೆ ಹಾಕಿಕೊಡುವುದು ಹಲವು ಸಲ ಕಳ್ಳಪ್ರತಿಯಾಗಿರುತ್ತದೆ. ಒಂದು ರೋಗ ಕಳೆಯಲು ಹೋಗಿ ಇನ್ನೊಂದನ್ನು ಕೊಂಡು ತಂದಂತಾಗುತ್ತದೆ. ಅಸಲಿ ಪ್ರತಿಯನ್ನೇ ಹಾಕಬೇಕೆಂದು ಕೇಳಿ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಅದರಲ್ಲೇ ಇರುವ ಹಳೆಯ ಯಂತ್ರಗಳನ್ನು ಬ್ಯಾಂಕಿನ ವ್ಯವಹ‍ಾರಕ್ಕೆ ಬಳಸದಿರುವುದು ಉತ್ತಮ.

ನಷ್ಟದ ಹೊಣೆ ಯಾರದು?

ದೂರು ಕೊಟ್ಟ ವೇಳೆಯನ್ನು ಬರೆದಿಡಿ ಎಂದು ಹೇಳಿದ್ದೆನಲ್ಲ, ಅದರ ಕಾರಣ ಇಲ್ಲಿದೆ. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕು ಗ್ರಾಹಕರ ಹೊಣೆಗೆ ಮಿತಿ ಹಾಕುವ ಸುತ್ತೋಲೆಯೊಂದನ್ನು ಹೊರಡಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಅಂಥದ್ದನ್ನೇ ಅನ್ವಯಿಸಿತು. ತಪ್ಪು ಬ್ಯಾಂಕಿನದಾದರೆ ಗ್ರಾಹಕನಿಗೆ ನಷ್ಟವಿಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ವ್ಯವಸ್ಥೆಯಲ್ಲಿ ಬೇರೆಲ್ಲೋ ಆಗಿದೆ ಎಂದಾದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ನಷ್ಟವಿಲ್ಲ. ನಾಲ್ಕರಿಂದ ಏಳು ದಿನದೊಳಗೆ ತಿಳಿಸಿದರೆ ಸಾಮಾನ್ಯ ಉಳಿತಾಯ ಖಾತೆಗೆ 10,000 ರೂಪಾಯಿಯವರೆಗೆ, ಮೂಲ ಉಳಿತಾಯ ಖಾತೆಗೆ 5,000 ರೂಪಾಯಿಯವರೆಗೆ ಮಾತ್ರ ಹೊಣೆ ಎಂದು ಅದರಲ್ಲಿತ್ತು. ಗ್ರಾಹಕನದೇ ತಪ್ಪೆಂದು ಸಾಬೀತು ಮಾಡುವ ಭಾರವನ್ನು ಬ್ಯಾಂಕಿನ ಮೇಲೆ ಹೊರಿಸಲಾಗಿತ್ತು.

ಕುತಂತ್ರಾಂಶದ ಪ್ರಕರಣಗಳಲ್ಲಿ ‘ಆ್ಯಪ್ ಹಾಕಿಕೊಂಡದ್ದು ನೀವೇ, ನಮೂನೆ ತುಂಬಿದ್ದೂ ನೀವೇ, ಅಜಾಗರೂಕತೆ ನಿಮ್ಮದು’ ಎಂದು ಬ್ಯಾಂಕು ವಾದಿಸುವ ಸಂಭವವೇ ಹೆಚ್ಚು. ಆ ವಾದ ನಿಂತರೆ, ತಿಳಿಸುವವರೆಗೆ ಆದ ನಷ್ಟವೆಲ್ಲ ನಿಮ್ಮದು. ಆದರೆ ತಿಳಿಸಿದ ಕ್ಷಣದಿಂದ ಮುಂದೆ ಆಗುವ ನಷ್ಟ ಬ್ಯಾಂಕಿನದು ಎಂದೂ ಅದೇ ಸುತ್ತೋಲೆ ಹೇಳಿತ್ತು. ಹತ್ತು ಗಂಟೆಗೆ ದೂರಿನ ಸಂಖ್ಯೆ ಪಡೆದ ರೈತರೊಬ್ಬರ ಖಾತೆಯಿಂದ ಹತ್ತೂವರೆಗೆ ನಲವತ್ತು ಸಾವಿರ ಹೋಯಿತೆಂದು ಭಾವಿಸಿ. ಅವರ ಕೈಯಲ್ಲಿರುವ ಆ ಕಾಗದದ ಚೂರಿಗೆ ನಲವತ್ತು ಸಾವಿರದ ಬೆಲೆಯಿದೆ. ಮೊತ್ತ, ದಿನಗಳ ಲೆಕ್ಕಕ್ಕೆ ರಿಸರ್ವ್ ಬ್ಯಾಂಕು ಕಾಲಕಾಲಕ್ಕೆ ತಿದ್ದುಪಡಿ ತರುವುದರಿಂದ ಈಗ ಜಾರಿಯಲ್ಲಿರುವುದನ್ನು ಶಾಖೆಯಲ್ಲಿ ಕೇಳಿಕೊಳ್ಳಿ. ದೂರು ಕೊಟ್ಟು 30 ದಿನ ಕಳೆದರೂ ಬ್ಯಾಂಕು ಉತ್ತರ ಕೊಡದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ.

ಹಣ ಕಳೆದುಕೊಂಡವರನ್ನು ಹುಡುಕಿಕೊಂಡು ಎರಡನೆಯ ತಂಡವೊಂದು ಬರುತ್ತದೆ. ‘ಸೈಬರ್ ಪೊಲೀಸ್ ಕಚೇರಿಯಿಂದ ಮಾತನಾಡುತ್ತಿದ್ದೇವೆ, ನಿಮ್ಮ ಹಣ ಸಿಕ್ಕಿದೆ, ಬಿಡಿಸಲು ಇಷ್ಟು ಕಟ್ಟಿ’ ಎನ್ನುತ್ತಾರೆ. ಇಲ್ಲವೆ ಬ್ಯಾಂಕಿನವರೆಂದು ಹೇಳಿ, ನಿಮ್ಮ ಪರದೆಯನ್ನು ಅವರು ನೋಡುವಂತೆ ಮಾಡುವ ಆ್ಯಪ್ ಹಾಕಿಸುತ್ತಾರೆ. ತಡೆಹಿಡಿದ ಹಣ ಮರಳಿ ಬರಲು ಕಾಲ ಹಿಡಿಯುತ್ತದೆ, ಆದರೆ ಅದಕ್ಕೆ ಯಾರಿಗೂ ಮುಂಗಡ ಕಟ್ಟಬೇಕಾಗಿಲ್ಲ.

ಮುಂದಿನ ದಿನಗಳಲ್ಲಿ

ಎರಡು ಮೂರು ತಿಂಗಳು ಪಾಸ್‌ಬುಕ್ಕನ್ನು ಹದಿನೈದು ದಿನಕ್ಕೊಮ್ಮೆ ಅಚ್ಚು ಹಾಕಿಸಿ ಸಾಲುಸಾಲಾಗಿ ಓದಿ. ಒಂದು ರೂಪಾಯಿ, ಎರಡು ರೂಪಾಯಿಯ ಗೊತ್ತಿಲ್ಲದ ವ್ಯವಹಾರ ಕಂಡರೂ ಬಿಡಬೇಡಿ. ದಾರಿ ತೆರೆದಿದೆಯೆ ಎಂದು ಕಳ್ಳ ಪರೀಕ್ಷಿಸುವುದು ಹೀಗೆಯೇ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದು ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಜಾಲತಾಣದಲ್ಲಿ ನೋಡಿ, ನಿಮ್ಮದಲ್ಲದ್ದನ್ನು ಅಲ್ಲಿಯೇ ತಿಳಿಸಬಹುದು.

ಬಿತ್ತನೆಯ ಬೀಜವನ್ನೂ ಊಟದ ರಾಗಿಯನ್ನೂ ಒಂದೇ ವಾಡೆಯಲ್ಲಿ ಇಡುವವರಿಲ್ಲ. ಖಾತೆಯನ್ನೂ ಹಾಗೆಯೇ ಎರಡು ಮಾಡಿಕೊಳ್ಳುವುದು ಒಳ್ಳೆಯದು. ಹಾಲಿನ ಬಟವಾಡೆ, ಬೆಳೆಯ ಹಣ, ಸಹಾಯಧನ ಬರುವ ಖಾತೆಗೆ ಯು.ಪಿ.ಐ. ಮತ್ತು ನೆಟ್ ಬ್ಯಾಂಕಿಂಗ್ ಬೇಡವೆಂದು ಬರೆದುಕೊಡಿ. ಅದು ಪಾಸ್‌ಬುಕ್ಕಿನ ಖಾತೆಯಾಗಿ ಉಳಿಯಲಿ. ಸಂತೆ, ಔಷಧಿ ಅಂಗಡಿ, ರೀಚಾರ್ಜಿಗೆ ಎರಡು ಮೂರು ಸಾವಿರ ಇಟ್ಟ ಇನ್ನೊಂದು ಖಾತೆ ಫೋನಿಗಿರಲಿ. ಶಾಖೆಗೆ ಒಂದು ನಡಿಗೆ ಹೆಚ್ಚಾಗುವುದು ನಿಜ. ಆಂಡರ್ಸನ್‌ಪೇಟೆಯವರಿಗೆ ರಾಬರ್ಟ್‌ಸನ್‌ಪೇಟೆಯ ಸಂತೆಗೆ ಹೋಗುವ ದಿನ ಆ ಕೆಲಸವೂ ಮುಗಿದೀತು.

ಹೀಗೆ ಮಾಡಿದ ಖಾತೆಗೂ ಒಂದು ಕಿಂಡಿ ಉಳಿಯುತ್ತದೆ. ಆಧಾರ್ ಸಂಖ್ಯೆ ಮತ್ತು ಬೆರಳಚ್ಚಿನಿಂದ ಹಣ ತೆಗೆಯುವ ವ್ಯವಸ್ಥೆಗೆ ಫೋನೇ ಬೇಕಾಗಿಲ್ಲ. 2023ರಲ್ಲಿ ನಮ್ಮ ರಾಜ್ಯದ ಕರಾವಳಿಯಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಗಳಿಂದ ಈ ದಾರಿಯಲ್ಲಿ ಹಣ ಹೋಗಿತ್ತು. ಆಧಾರ್ ಸಂಸ್ಥೆಯ ಆ್ಯಪಿನಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಅನುಕೂಲವಿದೆ. ಬೀಗ ಹಾಕಿದ ಮೇಲೆ ನ್ಯಾಯಬೆಲೆ ಅಂಗಡಿಯ ಯಂತ್ರವೂ ನಿಮ್ಮ ಬೆರಳನ್ನು ಒಪ್ಪುವುದಿಲ್ಲ. ಪಡಿತರ ತರುವ ದಿನ ಸಾಲಿನಲ್ಲಿ ನಿಂತಾಗ ಬೀಗವನ್ನು ತಾತ್ಕಾಲಿಕವಾಗಿ ತೆರೆಯಿರಿ; ಸ್ವಲ್ಪ ಹೊತ್ತಿನ ಮೇಲೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ.